ದೇಶ ತುಂಬಿದೆ, ಊರ ಶಾಲೆ ಖಾಲಿ: ಎರಡೂ ನಿಜ ಹೇಗೆ?

ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿದ್ದೆ. ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ. ಜಗಲಿಯಲ್ಲಿ ಆಯಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಳು. (ನಮ್ಮ ಕಡೆ ಅಮ್ಮನಿಗೆ ಆಯಿ ಅನ್ನುತ್ತೇವೆ.) ಟಿವಿಯಲ್ಲಿ ಯಾರೋ ‘ಜಗತ್ತಿನಲ್ಲೇ ಅತಿ ಹೆಚ್ಚು ಜನ ಇರುವ ದೇಶ ಈಗ ನಮ್ಮದು’ ಎಂದು ಹೇಳುತ್ತಿದ್ದರು. ಆಯಿ ಕೈ ನಿಲ್ಲಿಸದೇ ಕೇಳಿದಳು: “ಹಂಗಾರೆ ನಮ್ಮೂರ ಶಾಲೆಲಿ ಮಕ್ಕಳೇ ಇಲ್ಯಲಾ, ಎಂತಕ್ಕೆ?”

ಒಳ್ಳೆಯ ಪ್ರಶ್ನೆ. ನಾನು ಓದುವಾಗ ನಾಲ್ಕನೇ ಕ್ಲಾಸೊಂದರಲ್ಲೇ ಮೂವತ್ತೆರಡು ಮಕ್ಕಳಿದ್ದೆವು. ಈಗ ಒಂದರಿಂದ ಐದರವರೆಗೆ ಎಲ್ಲ ಸೇರಿ ಒಂಬತ್ತು. ಅಕ್ಕೋರು ಒಬ್ಬರೇ. ಹೋದ ವರ್ಷ ಕಬಡ್ಡಿ ತಂಡ ಕಟ್ಟಲು ಪಕ್ಕದೂರಿನ ಶಾಲೆಯಿಂದ ಹುಡುಗರನ್ನು ಕರೆತರಬೇಕಾಯಿತಂತೆ.

ಟಿವಿಯವರು ಹೇಳಿದ್ದು ಸುಳ್ಳಲ್ಲ. ಆಯಿ ಕಂಡದ್ದೂ ಸುಳ್ಳಲ್ಲ. ಜನಸಂಖ್ಯೆ ಎಂಬುದು ಒಂದೇ ಅಂಕಿ ಎಂದುಕೊಂಡರೆ ಗೊಂದಲ ಆಗುತ್ತದೆ. ಅದರೊಳಗೆ ನಾಲ್ಕಾರು ಬೇರೆ ಬೇರೆ ಲೆಕ್ಕಗಳಿವೆ. ಜನಗಣತಿಯ ಮಾತು ಮತ್ತೆ ಎಲ್ಲ ಕಡೆ ಎದ್ದಿರುವುದರಿಂದ ಆ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಎಣಿಸುವುದು ಯಾರನ್ನು, ಯಾವಾಗ?

ನಮ್ಮ ದೇಶದಲ್ಲಿ ಜನಗಣತಿ ಮೊದಲು ನಡೆದದ್ದು 1872ರಲ್ಲಿ. ಆಗ ಎಲ್ಲ ಕಡೆ ಒಂದೇ ಹೊತ್ತಿಗೆ ಎಣಿಸಿರಲಿಲ್ಲ. ಇಡೀ ದೇಶವನ್ನು ಒಟ್ಟಿಗೆ ಎಣಿಸಿದ್ದು 1881ರಲ್ಲಿ. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಹಳೆಯ ವರದಿಗಳಲ್ಲಿ ಹುಡುಕುವವರು ‘ನಾರ್ತ್ ಕೆನರಾ’ ಎಂದು ಹುಡುಕಬೇಕು. ಅಲ್ಲಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೇ ನಡೆದುಬಂದ ಗಣತಿ ಮೊದಲ ಸಲ ತಪ್ಪಿದ್ದು 2021ರಲ್ಲಿ, ಕೊರೊನಾ ಕಾಲದಲ್ಲಿ. ಹಾಗಾಗಿ ಮನೆ ಮನೆಗೆ ಹೋಗಿ ತಲೆ ಎಣಿಸಿದ ಕೊನೆಯ ಲೆಕ್ಕ ಅಂದರೆ 2011ರದ್ದೇ. ಆಗ ದೇಶದಲ್ಲಿ 121 ಕೋಟಿ ಜನ.

ಹೊಸ ಗಣತಿಗೆ ಎರಡು ಹಂತ. ಮೊದಲು ಮನೆಪಟ್ಟಿ: ಮನೆ ಎಂಥದ್ದು, ನೀರು ಎಲ್ಲಿಂದ, ಶೌಚಾಲಯ ಇದೆಯಾ ಇಲ್ಲವಾ, ಹೀಗೆ. ಅದಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಒಂದೊಂದು ರಾಜ್ಯಕ್ಕೆ ಒಂದೊಂದು ತಿಂಗಳು. ಎರಡನೆಯದು ತಲೆ ಎಣಿಕೆ. ಅದು 2027ರ ಫೆಬ್ರುವರಿಯಲ್ಲಿ.

ಇಲ್ಲಿ ಒಂದು ಸ್ವಾರಸ್ಯ ಇದೆ. ಜನ ಹುಟ್ಟುತ್ತಲೇ ಇರುತ್ತಾರೆ, ಸಾಯುತ್ತಲೇ ಇರುತ್ತಾರೆ. ಓಡುವ ಬಸ್ಸಿನಲ್ಲಿ ತಲೆ ಎಣಿಸಿದ ಹಾಗೆ. ಕುಮಟಾದಲ್ಲಿ ಎಣಿಸಿದ ಲೆಕ್ಕ ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಬದಲಾಗಿರುತ್ತದೆ. ಅದಕ್ಕೇ ಒಂದು ಗಳಿಗೆಯನ್ನು ಗೊತ್ತು ಮಾಡುತ್ತಾರೆ. ಈ ಸಲದ ಗಳಿಗೆ 2027ರ ಫೆಬ್ರುವರಿ 28 ಮುಗಿದು ಮಾರ್ಚ್ 1 ಶುರುವಾಗುವ ನಡುರಾತ್ರಿ 12 ಗಂಟೆ. (ಹಿಮ ಬೀಳುವ ಪ್ರದೇಶಗಳಿಗೆ 2026ರ ಅಕ್ಟೋಬರ್ 1.) ಕಾರವಾರದಲ್ಲಿ ಆ ರಾತ್ರಿ 11.50ಕ್ಕೆ ಹುಟ್ಟಿದ ಮಗು ಲೆಕ್ಕಕ್ಕೆ ಸೇರುತ್ತದೆ. 12.10ಕ್ಕೆ ಹುಟ್ಟಿದ್ದು ಸೇರುವುದಿಲ್ಲ, ಮುಂದಿನ ಗಣತಿಯವರೆಗೂ.

ಇನ್ನು, ಎಲ್ಲಿ ಎಣಿಸುವುದು? ಮಾರಿಕಾಂಬಾ ಜಾತ್ರೆಯ ದಿನ ಶಿರಸಿಯಲ್ಲಿ ಇದ್ದವರನ್ನೆಲ್ಲ ಶಿರಸಿಯವರು ಅಂತ ಬರೆದುಕೊಂಡರೆ ಹೇಗಿರುತ್ತದೆ? ಅದಕ್ಕೇ ಒಬ್ಬ ಮನುಷ್ಯ ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತಾನೋ ಅಲ್ಲೇ ಅವನ ಲೆಕ್ಕ. ರೇಷನ್ ಕಾರ್ಡಿನಲ್ಲಿ ಹೆಸರು ಎಲ್ಲಿದೆ, ಪಹಣಿ ಎಲ್ಲಿದೆ, ಕುಲದೇವರು ಎಲ್ಲಿದ್ದಾನೆ ಅನ್ನುವುದೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ.

ಗಣತಿ ಹತ್ತು ವರ್ಷಕ್ಕೊಮ್ಮೆ. ನಡುವಿನ ವರ್ಷಗಳಿಗೆ ಸಮೀಕ್ಷೆಗಳಿವೆ. ಅಡಿಕೆ ಮಾರುಕಟ್ಟೆಯಲ್ಲಿ ವ್ಯಾಪಾರಿ ರಾಶಿಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿ ಇಡೀ ರಾಶಿಗೆ ದರ ಹೇಳುತ್ತಾನಲ್ಲ, ಹಾಗೆ. ಮೇಲಿನ ಹಿಡಿ ಮಾತ್ರ ನೋಡಿದರೆ ಮೋಸ ಹೋಗುತ್ತಾನೆ. ನಡುವಿಂದ, ಬುಡದಿಂದಲೂ ತೆಗೆಯಬೇಕು. ಸಮೀಕ್ಷೆ ಮಾಡುವವರೂ ಹಳ್ಳಿ, ಪೇಟೆ, ಬಡವರು, ಉಳ್ಳವರು ಎಲ್ಲ ಬರುವ ಹಾಗೆ ಮನೆಗಳನ್ನು ಆರಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂಥದ್ದು. ಜನಗಣತಿ ಇಲಾಖೆಯೇ ನಡೆಸುವ ಮಾದರಿ ನೋಂದಣಿ ವ್ಯವಸ್ಥೆ ಇನ್ನೊಂದು. 2023ರಲ್ಲಿ ನಾವು ಚೀನಾವನ್ನು ಹಿಂದೆ ಹಾಕಿದೆವು ಎಂದು ವಿಶ್ವಸಂಸ್ಥೆ ಹೇಳಿದ್ದೂ ಇಂಥ ಲೆಕ್ಕಗಳ ಮೇಲಿನ ಅಂದಾಜಿನಿಂದಲೇ. ನಮ್ಮದು 142.86 ಕೋಟಿ, ಅವರದ್ದು 142.57 ಕೋಟಿ.

ದರ ಇಳಿದಿದೆ, ಜನ ಜಾಸ್ತಿ ಸೇರುತ್ತಿದ್ದಾರೆ

ಜನನ ದರ ಅಂದರೆ ಸಾವಿರ ಜನ ಇರುವ ಒಂದು ಊರಿನಲ್ಲಿ ಒಂದು ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟುತ್ತವೆ ಎಂಬುದು. ಮರಣ ದರ ಅಂದರೆ ಎಷ್ಟು ಜನ ಸಾಯುತ್ತಾರೆ ಎಂಬುದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಸಹಜ ಬೆಳವಣಿಗೆ.

1971ರಲ್ಲಿ ದೇಶದಲ್ಲಿ ಸಾವಿರಕ್ಕೆ 36.9 ಹುಟ್ಟು, 14.9 ಸಾವು. ಉಳಿದದ್ದು 22. ಅಂದರೆ ನೂರಕ್ಕೆ 2.2. 2020ರಲ್ಲಿ 19.5 ಹುಟ್ಟು, 6 ಸಾವು. ಉಳಿದದ್ದು 13.5, ಅಂದರೆ ನೂರಕ್ಕೆ 1.35. ದರ ಚೆನ್ನಾಗಿಯೇ ಇಳಿದಿದೆ, ಅಲ್ವಾ?

ಆದರೆ ವರ್ಷಕ್ಕೆ ಎಷ್ಟು ಜನ ಸೇರಿದರು ಅಂತ ನೋಡಿ. 1971ರಲ್ಲಿ ಇದ್ದದ್ದು 54.8 ಕೋಟಿ ಜನ. ಅದರ 2.2 ಪರ್ಸೆಂಟ್ ಅಂದರೆ ಸುಮಾರು 1 ಕೋಟಿ 20 ಲಕ್ಷ. 2020ರ ಹೊತ್ತಿನ 140 ಕೋಟಿಯ 1.35 ಪರ್ಸೆಂಟ್ ಅಂದರೆ ಸುಮಾರು 1 ಕೋಟಿ 90 ಲಕ್ಷ. ದರ ಕಡಿಮೆಯಾಗಿದೆ, ಸೇರುವ ಜನ ಜಾಸ್ತಿಯಾಗಿದ್ದಾರೆ.

ಇದು ಸೊಸೈಟಿ ಠೇವಣಿಯ ಲೆಕ್ಕ. ಹತ್ತು ಪರ್ಸೆಂಟ್ ಬಡ್ಡಿಯಲ್ಲಿ ಹತ್ತು ಸಾವಿರ ಇಟ್ಟವನಿಗೆ ವರ್ಷಕ್ಕೆ ಸಾವಿರ ಬರುತ್ತದೆ. ಆರು ಪರ್ಸೆಂಟಿನಲ್ಲಿ ಲಕ್ಷ ಇಟ್ಟವನಿಗೆ ಆರು ಸಾವಿರ. ಪೇಪರಿನಲ್ಲಿ ಒಂದು ದಿನ ‘ಜನಸಂಖ್ಯೆ ಬೆಳವಣಿಗೆ ಕುಸಿತ’ ಎಂದು ಬಂದು, ಮರುದಿನ ‘ಜನಸಂಖ್ಯೆ ಏರಿಕೆ’ ಎಂದು ಬಂದರೆ ಗಾಬರಿ ಬೇಡ. ಒಬ್ಬರು ಬಡ್ಡಿ ದರ ಹೇಳುತ್ತಿದ್ದಾರೆ, ಇನ್ನೊಬ್ಬರು ಖಾತೆಯ ಮೊತ್ತ ಹೇಳುತ್ತಿದ್ದಾರೆ.

ಒಂದು ಸುಲಭ ಸೂತ್ರವೂ ಇದೆ. 70ನ್ನು ಬೆಳವಣಿಗೆ ದರದಿಂದ ಭಾಗಿಸಿ. ಎಷ್ಟು ವರ್ಷಕ್ಕೆ ಜನ ಎರಡು ಪಟ್ಟಾಗುತ್ತಾರೆ ಅಂತ ಗೊತ್ತಾಗುತ್ತದೆ. 2.2ಕ್ಕೆ 32 ವರ್ಷ. 1.35ಕ್ಕೆ 52 ವರ್ಷ. ದರ ಹಾಗೇ ನಿಂತಿದ್ದರೆ ಮಾತ್ರ. ಅದು ನಿಂತಿಲ್ಲ, ಇಳಿಯುತ್ತಲೇ ಇದೆ.

ಮರಣ ದರ ನೋಡುವಾಗ ಸ್ವಲ್ಪ ಹುಷಾರಾಗಿರಬೇಕು. ಕೇರಳದ ಮರಣ ದರ ಬಿಹಾರಕ್ಕಿಂತ ಜಾಸ್ತಿ. ಆಸ್ಪತ್ರೆ, ಆರೋಗ್ಯ ಎಲ್ಲದರಲ್ಲೂ ಮುಂದಿರುವ ಕೇರಳದಲ್ಲಿ ಯಾಕೆ ಜಾಸ್ತಿ ಸಾವು? ಅಲ್ಲಿ ವಯಸ್ಸಾದವರು ಜಾಸ್ತಿ ಇದ್ದಾರೆ, ಅದಕ್ಕೆ. ಎಳೆಯರೇ ತುಂಬಿರುವ ಕಡೆ ಸಾವು ಕಡಿಮೆ ಕಾಣುತ್ತದೆ. ಆರೋಗ್ಯದ ನಿಜವಾದ ಗುರುತು ಶಿಶು ಮರಣ ದರ: ಸಾವಿರ ಮಕ್ಕಳು ಹುಟ್ಟಿದರೆ ಒಂದು ವರ್ಷ ತುಂಬುವುದರೊಳಗೆ ಎಷ್ಟು ಹೋಗುತ್ತವೆ ಎಂಬುದು. 2020ರಲ್ಲಿ ಕೇರಳದಲ್ಲಿ 6, ಬಿಹಾರದಲ್ಲಿ 27. ಇಡೀ ದೇಶದಲ್ಲಿ 1971ರಲ್ಲಿ ಅದು 129 ಇತ್ತು. 2020ಕ್ಕೆ 28ಕ್ಕೆ ಬಂದಿತ್ತು.

ಈ 129 ಎಂಬ ಅಂಕಿಯ ಹಿಂದೆ ನನ್ನ ಅಜ್ಜಿ ನಿಂತಿದ್ದಾಳೆ. ಅವಳು ಹೆತ್ತದ್ದು ಒಂಬತ್ತು. ಉಳಿದದ್ದು ಆರು. ಹೋದ ಮೂರರಲ್ಲಿ ಎರಡಕ್ಕೆ ಹೆಸರು ಇಡುವುದೂ ಆಗಿರಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಡಾಕ್ಟರ ಹತ್ತಿರ ಹೋಗುವುದು ಹೇಗೆ? ಎಷ್ಟು ಉಳಿಯುತ್ತವೆ ಅಂತ ಗೊತ್ತಿಲ್ಲದ ಕಾಲದಲ್ಲಿ ಜನ ಹೆಚ್ಚು ಹೆರುತ್ತಿದ್ದರು. ಉಳಿಯುತ್ತವೆ ಎಂಬ ಧೈರ್ಯ ಬಂದ ಮೇಲೆ ಕಡಿಮೆ ಮಾಡಿದರು. ಮೊದಲು ಸಾವು ಇಳಿಯುತ್ತದೆ, ಆಮೇಲೆ ಹುಟ್ಟು ಇಳಿಯುತ್ತದೆ. ಎಲ್ಲ ದೇಶದಲ್ಲೂ ಹೆಚ್ಚು ಕಡಿಮೆ ಇದೇ ಕ್ರಮ. ಸಾವು ಇಳಿದು, ಹುಟ್ಟು ಇನ್ನೂ ಇಳಿಯದೇ ಇರುವ ನಡುವಿನ ಕೆಲವು ದಶಕಗಳಲ್ಲೇ ಜನಸಂಖ್ಯೆ ಒಮ್ಮೆಲೇ ಉಬ್ಬುವುದು.

‘1951ರ ಸುಮಾರಿಗೆ ಭಾರತೀಯರ ಸರಾಸರಿ ಆಯಸ್ಸು 32’ ಎಂದು ಓದಿ, ಆಗ ನಲವತ್ತಕ್ಕೇ ಎಲ್ಲರೂ ಸಾಯುತ್ತಿದ್ದರು ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಹತ್ತು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋಗಿ, ಉಳಿದ ಆರು 55 ವರ್ಷ ಬದುಕಿದರೂ ಸರಾಸರಿ 33 ಬರುತ್ತದೆ. ಎಳೆ ಮಕ್ಕಳ ಸಾವು ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಈಗ ಆ ಸರಾಸರಿ 70ರ ಹತ್ತಿರ ಇದೆ.

2.1 ಎಂಬ ಅಂಕಿ ಎಲ್ಲಿಂದ ಬಂತು?

ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬುದನ್ನು ಹೇಳುವುದು ಒಟ್ಟು ಫಲವತ್ತತೆ ದರ. ಪೇಪರಿನಲ್ಲಿ ಟಿಎಫ್‌ಆರ್ ಅಂತ ಬರೆಯುತ್ತಾರೆ. ಇದನ್ನು ಲೆಕ್ಕ ಹಾಕುವ ರೀತಿ ಸ್ವಲ್ಪ ವಿಚಿತ್ರ. ಒಂದು ಅಡಿಕೆ ಮರ ತನ್ನ ಆಯಸ್ಸಿನಲ್ಲಿ ಎಷ್ಟು ಫಸಲು ಕೊಡುತ್ತದೆ ಅಂತ ತಿಳಿಯಲು ಅರವತ್ತು ವರ್ಷ ಕಾಯಬೇಕಿಲ್ಲ. ಈ ವರ್ಷ ಹತ್ತು ವರ್ಷದ ಮರ ಎಷ್ಟು ಕೊಟ್ಟಿತು, ಇಪ್ಪತ್ತರದ್ದು ಎಷ್ಟು, ನಲವತ್ತರದ್ದು ಎಷ್ಟು ಎಂದು ನೋಡಿ ಕೂಡಿಸಿದರೆ ಅಂದಾಜು ಸಿಗುತ್ತದೆ. ಹಾಗೇ ಈಗಿನ 15ರಿಂದ 49 ವರ್ಷದ ಒಳಗಿನ ಒಂದೊಂದು ವಯಸ್ಸಿನ ಹೆಂಗಸರಿಗೂ ಈ ಹೊತ್ತು ಎಷ್ಟು ಮಕ್ಕಳಾಗುತ್ತಿವೆ ಎಂಬುದನ್ನು ಕೂಡಿಸುತ್ತಾರೆ.

ಗಂಡ ಹೆಂಡತಿ ಇಬ್ಬರ ಜಾಗಕ್ಕೆ ಇಬ್ಬರು ಮಕ್ಕಳು ಬಂದರೆ ಸಾಕಲ್ಲ, ಮತ್ತೆ 2.1 ಯಾಕೆ? ತೋಟದಲ್ಲಿ ನೂರು ಮರ ಹಾಗೇ ಇರಬೇಕು ಅಂದರೆ ನೂರೇ ಸಸಿ ಇಟ್ಟರೆ ಆಗುವುದಿಲ್ಲ. ಒಂದೆರಡು ಬಿಸಿಲಿಗೆ ಹೋಗುತ್ತವೆ, ಒಂದೆರಡು ದನ ತಿನ್ನುತ್ತದೆ. ಐದಾರು ಜಾಸ್ತಿ ಇಡಬೇಕು. ಮನುಷ್ಯರಲ್ಲೂ ಹೆರುವ ವಯಸ್ಸು ಬರುವ ಮೊದಲೇ ಕೆಲವು ಹೆಣ್ಣುಮಕ್ಕಳು ತೀರಿಕೊಳ್ಳುತ್ತಾರೆ. ಜೊತೆಗೆ ಸಹಜವಾಗಿಯೇ ನೂರು ಹೆಣ್ಣು ಹುಟ್ಟುವಲ್ಲಿ ಸುಮಾರು 105 ಗಂಡು ಹುಟ್ಟುತ್ತವೆ. ಆ ಎರಡು ಕೊರತೆ ತುಂಬಲು 0.1. ಮಕ್ಕಳ ಸಾವು ಜಾಸ್ತಿ ಇರುವ ದೇಶಗಳಿಗೆ 2.1 ಸಾಲುವುದಿಲ್ಲ, ಇನ್ನೂ ಹೆಚ್ಚು ಬೇಕು.

ಈಗ ಅಂಕಿಗಳನ್ನು ನೋಡಿ. 1971ರಲ್ಲಿ ದೇಶದ ಟಿಎಫ್‌ಆರ್ 5.2. 1992–93ರ ಮೊದಲ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 3.4. 2019–21ರ ಐದನೇ ಸಮೀಕ್ಷೆಯಲ್ಲಿ 2.0. ಕರ್ನಾಟಕ 2005–06ರಲ್ಲೇ 2.1ಕ್ಕೆ ಬಂದಿತ್ತು. ಐದನೇ ಸಮೀಕ್ಷೆಯಲ್ಲಿ 1.7. ಬಿಹಾರದಲ್ಲಿ ಆಗ 3.0, ಸಿಕ್ಕಿಂನಲ್ಲಿ 1.1. ನಮ್ಮ ಮನೆಯ ಲೆಕ್ಕವೂ ಇದಕ್ಕೆ ತಾಳೆಯಾಗುತ್ತದೆ. ಅಜ್ಜಿಗೆ ಒಂಬತ್ತು, ಆಯಿಗೆ ಎರಡು, ನನಗೆ ಒಂದು.

ಹಾಗಾದರೆ ಜನ ಯಾಕೆ ಇನ್ನೂ ಹೆಚ್ಚುತ್ತಿದ್ದಾರೆ?

ಎಲ್ಲರೂ ಎಡವುವ ಜಾಗ ಇದು. ಟಿಎಫ್‌ಆರ್ 2.1ಕ್ಕಿಂತ ಕೆಳಗೆ ಬಂದರೆ ಜನಸಂಖ್ಯೆ ಕಡಿಮೆಯಾಗಬೇಕಲ್ಲ? ಆಗುತ್ತದೆ, ಆದರೆ ಈಗಲೇ ಅಲ್ಲ. ಮತ್ತೆ ತೋಟಕ್ಕೇ ಹೋಗೋಣ.

ಒಂದು ತೋಟದಲ್ಲಿ ಆರು ನೂರು ಗಿಡ-ಮರ ಇವೆ ಅಂದುಕೊಳ್ಳಿ. ಅಜ್ಜನ ಕಾಲದ ಮುದಿ ಮರ 100. ಅಪ್ಪನ ಕಾಲದ ನಡುವಯಸ್ಸಿನವು 200. ಈಚೆಗೆ ಇಟ್ಟ ಎಳೆಯವು 300. ಮರದ ಆಯಸ್ಸು ಅರವತ್ತು ವರ್ಷ, ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಸಸಿ ಇಡುತ್ತೇವೆ ಎಂದು ಇಟ್ಟುಕೊಳ್ಳೋಣ. ಇನ್ನು ಮುಂದೆ ತೋಟ ಬೆಳೆಸುವುದು ಬೇಡ, ಪ್ರತಿ ಸಲ ಅದೇ 300 ಸಸಿ, ಒಂದೂ ಜಾಸ್ತಿ ಇಲ್ಲ ಎಂದು ಯಜಮಾನ ತೀರ್ಮಾನ ಮಾಡುತ್ತಾನೆ.

ಇಪ್ಪತ್ತು ವರ್ಷದ ನಂತರ ನೋಡಿ. ಅಜ್ಜನ 100 ಮರ ಬಿದ್ದುಹೋಗಿವೆ. ಅಪ್ಪನ 200 ಮುದಿಯಾಗಿವೆ. ಎಳೆಯ 300 ನಡುವಯಸ್ಸಿಗೆ ಬಂದಿವೆ. ಹೊಸದು 300. ಒಟ್ಟು 800! ಮತ್ತೆ ಇಪ್ಪತ್ತು ವರ್ಷ ಹೋದರೆ 300, 300, 300. ಒಟ್ಟು 900. ಅಲ್ಲಿಂದ ಮುಂದೆ ನಿಲ್ಲುತ್ತದೆ. ಸಸಿ ಇಡುವುದನ್ನು ಹೆಚ್ಚು ಮಾಡಲೇ ಇಲ್ಲ, ಆದರೂ 600 ಇದ್ದದ್ದು 900 ಆಯಿತು. ಬೀಳುವ ಮರ ಕಡಿಮೆ, ಇಟ್ಟ ಸಸಿ ಜಾಸ್ತಿ ಇದ್ದದ್ದೇ ಕಾರಣ.

300ರ ಬದಲು 280 ಇಟ್ಟರೆ? ಮೊದಲು 780, ಆಮೇಲೆ 860, ಆಮೇಲೆ 840. ಏರಿ, ತುದಿ ಮುಟ್ಟಿ, ಇಳಿಯಲು ಶುರುವಾಯಿತು. ನಮ್ಮ ದೇಶ ಈಗ ಇರುವುದು ಈ ಎರಡನೇ ಲೆಕ್ಕದ ಏರುವ ಭಾಗದಲ್ಲಿ. ಹಿಂದೆ ಹೆಚ್ಚು ಹುಟ್ಟಿದವರೆಲ್ಲ ಈಗ ಮದುವೆ ವಯಸ್ಸಿನಲ್ಲಿದ್ದಾರೆ. ಅವರಿಗೆ ಇಬ್ಬರೇ ಮಕ್ಕಳಾದರೂ, ಒಬ್ಬರೇ ಆದರೂ, ಅವರ ಸಂಖ್ಯೆಯೇ ದೊಡ್ಡದು. ಇದಕ್ಕೆ ಜನಸಂಖ್ಯಾ ಶಾಸ್ತ್ರದವರು ಜನಸಂಖ್ಯೆಯ ಆವೇಗ ಎನ್ನುತ್ತಾರೆ. ಹೆಸರು ಭಾರ, ವಿಷಯ ಸುಲಭ. ಘಟ್ಟ ಇಳಿಯುವ ಲಾರಿ ಬ್ರೇಕ್ ಹಾಕಿದ ಜಾಗದಲ್ಲೇ ನಿಲ್ಲುವುದಿಲ್ಲ, ಅಷ್ಟೇ.

ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ ಭಾರತ ತುದಿ ಮುಟ್ಟುವುದು 2060ರ ದಶಕದ ಶುರುವಿನಲ್ಲಿ, ಸುಮಾರು 170 ಕೋಟಿಗೆ. ಚೀನಾದ್ದು 2022ರಲ್ಲೇ ಇಳಿಯಲು ಶುರುವಾಗಿದೆ.

ಜಿಲ್ಲೆಯ ಲೆಕ್ಕದಲ್ಲಿ ಮೂರನೇ ಬಾಗಿಲು

ದೇಶದ ಲೆಕ್ಕಕ್ಕೆ ಹುಟ್ಟು, ಸಾವು ಎರಡು ಸಾಕು. ಹೊರದೇಶಕ್ಕೆ ಹೋಗುವವರು, ಬರುವವರು ಒಟ್ಟು ಜನರ ಮುಂದೆ ತೀರಾ ಕಡಿಮೆ. ಜಿಲ್ಲೆಗೆ, ಊರಿಗೆ ಬಂದರೆ ಹಾಗಲ್ಲ. ಅಲ್ಲಿ ವಲಸೆಯೇ ದೊಡ್ಡ ಬಾಗಿಲು.

2001ರಲ್ಲಿ ಉತ್ತರ ಕನ್ನಡದಲ್ಲಿ 13,53,644 ಜನ ಇದ್ದರು. 2011ಕ್ಕೆ 14,37,169. ಹತ್ತು ವರ್ಷದಲ್ಲಿ ಏರಿದ್ದು 6.17 ಪರ್ಸೆಂಟ್. ಅದೇ ಹತ್ತು ವರ್ಷದಲ್ಲಿ ರಾಜ್ಯ ಏರಿದ್ದು 15.6 ಪರ್ಸೆಂಟ್. ಬೆಂಗಳೂರು ನಗರ ಜಿಲ್ಲೆ 47 ಪರ್ಸೆಂಟ್! ಅಲ್ಲಿ ಹೊಸದಾಗಿ ಸೇರಿದವರೇ 30 ಲಕ್ಷ ದಾಟುತ್ತಾರೆ. ನಮ್ಮ ಜಿಲ್ಲೆಯಂಥ ಎರಡು ಜಿಲ್ಲೆಗಿಂತ ಜಾಸ್ತಿ. ಬೆಂಗಳೂರಿನವರು ನಮಗಿಂತ ಏಳೆಂಟು ಪಟ್ಟು ಮಕ್ಕಳನ್ನು ಹೆತ್ತಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಶಿರಸಿಗೆ, ಕುಮಟಾಕ್ಕೆ, ಕಾರವಾರಕ್ಕೆ ಹೊರಡುವ ಬಸ್ಸುಗಳನ್ನು ನೋಡಿದವರಿಗೆ ಉತ್ತರ ಗೊತ್ತು. ಇನ್ನೊಂದು ಘಟ್ಟದ ಜಿಲ್ಲೆ ಚಿಕ್ಕಮಗಳೂರಿನಲ್ಲಂತೂ ಆ ಹತ್ತು ವರ್ಷದಲ್ಲಿ ಜನ ಸ್ವಲ್ಪ ಕಡಿಮೆಯೇ ಆದರು.

ಒಳಗೆ ಬರುವವರೂ ಇದ್ದಾರೆ. ಕೈಗಾಕ್ಕೆ, ಕಾರವಾರದ ನೌಕಾನೆಲೆಗೆ ದೇಶದ ಮೂಲೆ ಮೂಲೆಯಿಂದ ಕೆಲಸಕ್ಕೆ ಬಂದವರು. ಬೈತಖೋಲ ಬಂದರಿನ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದ ಹುಡುಗರು. ಜಿಲ್ಲೆಯೊಳಗೇ ಜಾಗ ಬದಲಾಯಿಸಿದವರು ಇನ್ನೊಂದು ಬಗೆ. ಸೂಪಾ ಅಣೆಕಟ್ಟು ಬಂದು ಊರು ಮುಳುಗಿದಾಗ ಜನ ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದರು. ನೌಕಾನೆಲೆಗೆ ಜಾಗ ಬಿಟ್ಟವರು ಪುನರ್ವಸತಿ ಕಾಲೊನಿಗಳಿಗೆ ಹೋದರು. ಜಿಲ್ಲೆಯ ಲೆಕ್ಕದಲ್ಲಿ ಅವರಿಂದ ಒಂದು ಅಂಕಿಯೂ ಬದಲಾಗಲಿಲ್ಲ. ಊರಿನ ಲೆಕ್ಕದಲ್ಲಿ ಊರೇ ಇಲ್ಲ.

ಜನಸಾಂದ್ರತೆ, ಅಂದರೆ ಒಂದು ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬುದು, ನಮ್ಮ ಜಿಲ್ಲೆಯಲ್ಲಿ 140. ರಾಜ್ಯದ್ದು 319. ಬೆಂಗಳೂರು ನಗರದ್ದು 4,381. ನಮ್ಮದು ಬಹುಪಾಲು ಕಾಡು, ಅದಕ್ಕೆ ಇಷ್ಟು ಕಡಿಮೆ. ಆದರೆ ಈ 140 ಸರಾಸರಿ ಮಾತ್ರ. ಹೊನ್ನಾವರದ ಮಳೆಯನ್ನೂ ಮುಂಡಗೋಡದ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವಂಥ ಮಳೆ ಎರಡೂ ಕಡೆ ಬೀಳುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಕಡಲಿಗೂ ಬೆಟ್ಟಕ್ಕೂ ನಡುವಿನ ಸಣ್ಣ ಪಟ್ಟಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಜೋಯಿಡಾದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಗುಡ್ಡ ಹತ್ತಿ ಇಳಿಯಬೇಕು. ಸರಾಸರಿ ನೋಡಿ ಆಸ್ಪತ್ರೆ, ಬಸ್ಸು ಹಂಚಿದರೆ ಇಬ್ಬರಿಗೂ ಸಾಲುವುದಿಲ್ಲ.

ಆಯಿಯ ಪ್ರಶ್ನೆಗೆ ಉತ್ತರ ಈಗ ಸಿಕ್ಕಿತು. ನಮ್ಮ ಕಡೆ ಮಕ್ಕಳು ಹುಟ್ಟುವುದು ಕಡಿಮೆಯಾಗಿದೆ. ಹೆರುವ ವಯಸ್ಸಿನವರು ಊರಲ್ಲಿ ಇಲ್ಲ. ಇದ್ದವರ ಒಂದಿಷ್ಟು ಮಕ್ಕಳು ಬೆಳಗ್ಗೆ ಹಳದಿ ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುತ್ತವೆ. ಮೂರನೆಯದು ಜನಸಂಖ್ಯೆಯ ಲೆಕ್ಕವೇ ಅಲ್ಲ. ಆದರೆ ಶಾಲೆ ಖಾಲಿಯಾದಾಗ ಮೂರೂ ಒಟ್ಟಿಗೆ ಕಾಣುತ್ತವೆ.

‘ಹೆಣ್ಣೇ ಇಲ್ಲ’ ಅನ್ನುವ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾವ ಮದುವೆ ಮನೆಗೆ ಹೋದರೂ ಈ ಮಾತು ಇದ್ದೇ ಇದೆ. ತೋಟ ಇದೆ, ಮನೆ ಇದೆ, ಕಾರಿದೆ, ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ. ಹಾಗಾದರೆ ಹೆಣ್ಣುಮಕ್ಕಳು ಹುಟ್ಟಿಯೇ ಇಲ್ಲವಾ?

ಲಿಂಗಾನುಪಾತ ಅಂದರೆ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ. 2011ರಲ್ಲಿ ದೇಶದ್ದು 943, ರಾಜ್ಯದ್ದು 973, ನಮ್ಮ ಜಿಲ್ಲೆಯದ್ದು 979. ಅಂದರೆ ಹದಿನಾಲ್ಕು ಲಕ್ಷ ಜನರಲ್ಲಿ ಗಂಡಸರು ಸುಮಾರು ಹದಿನೈದು ಸಾವಿರ ಜಾಸ್ತಿ. ಊರೂರಲ್ಲಿ ಕಾಣುವ ಪರದಾಟಕ್ಕೆ ಇದೊಂದೇ ಕಾರಣ ಆಗಲಾರದು. ಹುಡುಗಿಯರು ಇದ್ದಾರೆ. ಓದಿದ್ದಾರೆ, ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ, ಅಲ್ಲೇ ಇರುವ ಹುಡುಗ ಬೇಕು ಅನ್ನುತ್ತಾರೆ. ಜಿಲ್ಲೆಯ ಸರಾಸರಿಯಲ್ಲಿ 25ರಿಂದ 30 ವರ್ಷದವರು ಮಾತ್ರ, ಒಂದು ಊರಿನವರು ಮಾತ್ರ ಎಂಬ ಲೆಕ್ಕ ಕಾಣುವುದಿಲ್ಲ.

ಉಡುಪಿ ಇದಕ್ಕೆ ಉಲ್ಟಾ. ಅಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಅಲ್ಲಿ ಹೆಣ್ಣು ಮಕ್ಕಳೇ ಜಾಸ್ತಿ ಹುಟ್ಟುತ್ತವೆ ಅಂತಲ್ಲ. ಗಂಡಸರು ಮುಂಬೈಗೆ, ಗಲ್ಫ್‌ಗೆ ದುಡಿಯಲು ಹೋಗಿದ್ದಾರೆ.

ದುಡಿಯುವವರೆಷ್ಟು, ಅವರ ಮೇಲೆ ನಿಂತವರೆಷ್ಟು

ಜನಸಂಖ್ಯೆಯನ್ನು ವಯಸ್ಸಿನ ಪ್ರಕಾರ ಮೂರು ಪಾಲು ಮಾಡುತ್ತಾರೆ. 15ರ ಒಳಗಿನವರು, 15ರಿಂದ 64, 65 ದಾಟಿದವರು. ನಡುವಿನವರು ದುಡಿಯುವವರು, ಆಚೀಚೆಯವರು ಅವಲಂಬಿತರು ಎಂದು ಲೆಕ್ಕ. ಮಕ್ಕಳು ಕಡಿಮೆಯಾಗಿ, ಮುದುಕರು ಇನ್ನೂ ಜಾಸ್ತಿಯಾಗದೇ ಇರುವ ಕಾಲದಲ್ಲಿ ನಡುವಿನ ಪಾಲು ದೊಡ್ಡದಾಗಿರುತ್ತದೆ. ಇದಕ್ಕೇ ‘ಜನಸಂಖ್ಯೆಯ ಲಾಭಾಂಶ’ ಎಂದು ಹೇಳುವುದು. ಕೆಲಸ ಸಿಕ್ಕಿದರೆ ಮಾತ್ರ ಲಾಭ ಅನ್ನುವುದನ್ನು ಹೇಳುವವರು ಕೆಲವೊಮ್ಮೆ ಮರೆಯುತ್ತಾರೆ.

ಲೆಕ್ಕ ಸ್ವಲ್ಪ ಒರಟು. ಅರವತ್ತೆಂಟು ವರ್ಷದ ನಮ್ಮ ಆಯಿ ದಿನಕ್ಕೆ ಒಂದು ಡಬ್ಬ ಅಡಿಕೆ ಸುಲಿದರೂ ಪುಸ್ತಕದಲ್ಲಿ ಅವಲಂಬಿತೆ. ಇಪ್ಪತ್ತೆರಡರ ಇಂಜಿನಿಯರಿಂಗ್ ಹುಡುಗ ಪರೀಕ್ಷೆ ಬಾಕಿ ಇಟ್ಟುಕೊಂಡು ಮೊಬೈಲ್ ನೋಡುತ್ತಾ ಮಲಗಿದ್ದರೂ ದುಡಿಯುವವನು.

2011ರಲ್ಲಿ ದೇಶದಲ್ಲಿ ಅರವತ್ತು ದಾಟಿದವರು ನೂರಕ್ಕೆ 8.6 ಇದ್ದರೆ ಕೇರಳದಲ್ಲಿ 12.6. ಮಕ್ಕಳು ಕಡಿಮೆಯಾದ ಕಡೆ ಕೆಲವು ದಶಕದಲ್ಲಿ ಮುದುಕರ ಪಾಲು ಏರುತ್ತದೆ. ನಮ್ಮ ಕಡೆ ವಲಸೆಯೂ ಸೇರಿ ಇದು ಬೇಗ ಕಾಣುತ್ತಿದೆ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವರನ್ನು ಹುಡುಕಿ ಹುಡುಕಿ ಸಾಕಾದ ತೋಟದವರನ್ನು ಕೇಳಿ.

ಈ ಅಂಕಿಗಳು ಎಲ್ಲೆಲ್ಲಿ ಕೆಲಸಕ್ಕೆ ಬರುತ್ತವೆ?

ಲೋಕಸಭೆಯಲ್ಲಿ ಒಂದೊಂದು ರಾಜ್ಯಕ್ಕೆ ಎಷ್ಟು ಸೀಟು ಎಂಬುದು ಜನಸಂಖ್ಯೆಯ ಮೇಲೆ ನಿಂತಿದೆ. ಈಗಿನ ಹಂಚಿಕೆಗೆ ಆಧಾರ 1971ರ ಜನಗಣತಿ. ಜನಸಂಖ್ಯೆ ತಗ್ಗಿಸಿದ ರಾಜ್ಯಗಳಿಗೆ ನಷ್ಟ ಆಗಬಾರದು ಎಂಬ ಕಾರಣಕ್ಕೆ 1976ರ 42ನೇ ತಿದ್ದುಪಡಿ ಅದನ್ನು ಅಲ್ಲಿಗೇ ನಿಲ್ಲಿಸಿತು. ಮುಂದೆ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದೂಡಿತು. ಹಾಗಾಗಿ ಈ ಗಣತಿಯ ಮೇಲೆ ಎಲ್ಲರ ಕಣ್ಣು. ಮಕ್ಕಳು ಕಡಿಮೆಯಾದ ದಕ್ಷಿಣದ ರಾಜ್ಯಗಳು ಪಾಲು ತಗ್ಗುತ್ತದೆ ಎನ್ನುತ್ತವೆ. ಒಂದು ವೋಟಿನ ಬೆಲೆ ಎಲ್ಲ ಕಡೆ ಒಂದೇ ಇರಬೇಕು ಎಂಬುದು ಇನ್ನೊಂದು ವಾದ.

ಕರ್ನಾಟಕಕ್ಕೆ 28 ಲೋಕಸಭಾ ಸೀಟು, 224 ವಿಧಾನಸಭಾ ಸೀಟು. ಒಂದಕ್ಕೆ ಎಂಟು. ನಮ್ಮ ಜಿಲ್ಲೆಯಲ್ಲಿ ಇರುವುದು ಆರೇ: ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ. ಅದಕ್ಕೇ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರನ್ನು ಸೇರಿಸಿದ್ದಾರೆ. ಎಂ.ಪಿ. ಕಾರವಾರದ ಮೀನುಗಾರರಿಗೂ ಉತ್ತರ ಹೇಳಬೇಕು, ಕಿತ್ತೂರಿನ ಜೋಳದ ರೈತರಿಗೂ.

ದುಡ್ಡಿನ ಹಂಚಿಕೆಯಲ್ಲೂ ಇದೇ ಲೆಕ್ಕ ಬರುತ್ತದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಾಕುವಾಗ 15ನೇ ಹಣಕಾಸು ಆಯೋಗ 2011ರ ಜನಸಂಖ್ಯೆಗೆ 15 ಪರ್ಸೆಂಟ್ ತೂಕ ಕೊಟ್ಟಿತು. ಜನಸಂಖ್ಯೆ ತಗ್ಗಿಸಿದ್ದಕ್ಕೆ ಬೇರೆ 12.5 ಪರ್ಸೆಂಟ್ ಇಟ್ಟಿತು.

ಇಷ್ಟೆಲ್ಲ ಆಯಿಗೆ ಹೇಳುವ ಹೊತ್ತಿಗೆ ಡಬ್ಬ ತುಂಬಿತ್ತು. ಅವಳಿಗೆ ಲೋಕಸಭೆಯ ಚಿಂತೆ ಇರಲಿಲ್ಲ. ನನ್ನ ತಮ್ಮ ಬೆಂಗಳೂರಿಗೆ ಹೋಗಿ ಒಂಬತ್ತು ವರ್ಷ ಆಯಿತು. ನಾನು ಕಾರವಾರದಲ್ಲಿ. ರೇಷನ್ ಕಾರ್ಡಿನಲ್ಲಿ ಇಬ್ಬರ ಹೆಸರೂ ಇನ್ನೂ ಇದೆ.

“ಗಣತಿಯವರು ಬಂದಾಗ ತಮ್ಮನ ಹೆಸರು ಹೇಳದಾ?”

“ಬೇಡ ಆಯಿ. ಅವ ಅಲ್ಲೇ ಬರೆಸ್ತ. ಎರಡು ಕಡೆ ಬರೆಸಲಾಗ.”

“ನಿನ್ನದು?”

“ನಂದು ಕಾರವಾರದಲ್ಲಿ.”

ಮೆಟ್ಟುಗತ್ತಿ ಬದಿಗಿಟ್ಟು ಎದ್ದಳು. “ಹಂಗಾರೆ ನಮ್ಮನೇಲಿ ಇಬ್ಬರೇ ಅಂತ ಬರೆಸಕ್ಕು” ಎಂದು ಹೇಳಿ, ಅಪ್ಪನಿಗೆ ಚಾ ಇಡಲು ಒಳಗೆ ಹೋದಳು.